ಕೈಗಾದ ಎರಡು ಶುಕ್ರವಾರ, ಶಿರೂರಿನ ಒಂದು ಮಂಗಳವಾರ

ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ ಇನ್ನೂ ಕಟ್ಟುವ ಹಂತದಲ್ಲಿದ್ದಾಗ, 1994ರ ಮೇ 13ರಂದು, ಅದರ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಕೆಳಗೆ ಬಿತ್ತು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಭಯವಿರಲಿಲ್ಲ. ಆದರೆ ಗುಮ್ಮಟದ ವಿನ್ಯಾಸವನ್ನು ಮತ್ತೆ ಪರಿಶೀಲಿಸಿ ಕಟ್ಟಬೇಕಾಯಿತು. ಅಷ್ಟರಲ್ಲಿ ಎರಡನೇ ಘಟಕವೇ ಒಂದು ವರ್ಷ ಮೊದಲು ಚಾಲನೆಗೊಂಡು, ಹಿರಿಯಣ್ಣನನ್ನು ತಮ್ಮ ಹಿಂದಿಕ್ಕಿದ. ಅದೇ ಒಂದನೇ ಘಟಕ 2016ರ ಮೇ 13ರಂದು ಗ್ರಿಡ್‌ಗೆ ಜೋಡಣೆಯಾಗಿ, 2018ರ ಡಿಸೆಂಬರ್ 31ರ ತನಕ ಒಮ್ಮೆಯೂ ನಿಲ್ಲದೆ 962 ದಿನ ಓಡಿತು. ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳನ್ನು ದಾಟಿದ್ದರಿಂದ ಆಗ ಅದು ವಿಶ್ವದಾಖಲೆ. 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಅದನ್ನೂ ಮುರಿಯಿತು.

ಒಂದೇ ಊರು, ಒಂದೇ ಘಟಕ, ಒಂದೇ ದಿನಾಂಕ. ಒಂದು ಸಲ ದೊಡ್ಡ ಮುಖಭಂಗ, ಇನ್ನೊಂದು ಸಲ ದೊಡ್ಡ ಹೆಗ್ಗಳಿಕೆ. ಇವೆರಡರ ನಡುವೆ 1998ರ ಮೇ 13ರಂದು ಪೋಖರಣ್‌ನಲ್ಲಿ ಭಾರತ ಆ ವರ್ಷದ ಎರಡನೇ ಸುತ್ತಿನ ಅಣು ಪರೀಕ್ಷೆ ನಡೆಸಿತು. ಸಾಲದ್ದಕ್ಕೆ 1994ರ ಮೇ 13 ಶುಕ್ರವಾರ, 2016ರ ಮೇ 13ಕೂಡ ಶುಕ್ರವಾರ. ಹದಿಮೂರನೇ ತಾರೀಖು ಶುಕ್ರವಾರ ಬಂದರೆ ಪಾಶ್ಚಾತ್ಯರು ಅಪಶಕುನ ಎನ್ನುತ್ತಾರೆ. ಈ ಎರಡೂ ವರ್ಷಗಳಲ್ಲಿ ಅಂಥ ಶುಕ್ರವಾರ ಬಂದದ್ದು ತಲಾ ಒಂದೇ ಸಲ, ಮೇ ತಿಂಗಳಲ್ಲೇ.

ಇಷ್ಟನ್ನು ಒಟ್ಟುಗೂಡಿಸಿ ಮೊಬೈಲಿನಲ್ಲಿ ಹರಿಯಬಿಟ್ಟರೆ ಸಂಜೆಯೊಳಗೆ ಕಾರವಾರದಿಂದ ಭಟ್ಕಳದವರೆಗೆ ತಲುಪುತ್ತದೆ. ‘ಇತಿಹಾಸದಲ್ಲಿ ಈ ದಿನ’ ಎಂಬ ಸಂದೇಶಗಳು ಈಗ ಶುಭೋದಯದ ಹೂವಿನ ಚಿತ್ರಗಳಷ್ಟೇ ಸಾಮಾನ್ಯ. ಮೊದಲು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತಿದ್ದ ಅಂಕಣ ಈಗ ದಿನವಿಡೀ ಬರುತ್ತದೆ, ಜೊತೆಗೆ ‘ಇದು ಕಾಕತಾಳೀಯವೇ?’ ಎಂಬ ಪ್ರಶ್ನೆಯನ್ನೂ ಹೊತ್ತು ತರುತ್ತದೆ. ಪ್ರಶ್ನೆ ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ, ಮೈ ಜುಮ್ಮೆಂದರೆ ಸಾಕು. ಆದರೂ ಉತ್ತರ ಹುಡುಕುವುದು ಒಳ್ಳೆಯದು. ಏಕೆಂದರೆ ಒಂದೇ ದಿನಾಂಕಕ್ಕೆ ಬೀಳುವ ಘಟನೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವನ್ನು ನಕ್ಕು ಬಿಡಬಹುದು, ಇನ್ನು ಕೆಲವನ್ನು ಹಾಗೆ ಬಿಟ್ಟರೆ ಜೀವ ಹೋಗುತ್ತದೆ.

ಮೊದಲು ಕೈಗಾದ ಲೆಕ್ಕ. ಒಂದು ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂಬುದು ಗಣಿತದ ಮೇಷ್ಟರು ತರಗತಿಯಲ್ಲಿ ಮಾಡಿ ತೋರಿಸುವ ಆಟ. 23 ಜನರಲ್ಲಿ 253 ಜೋಡಿಗಳಿರುತ್ತವೆ, ಜೋಡಿಗಳ ಲೆಕ್ಕದಲ್ಲಿ ನೋಡಿದರೆ ಆಶ್ಚರ್ಯ ಇಳಿಯುತ್ತದೆ. ಕೈಗಾದಲ್ಲಿ ನಾಲ್ಕು ಘಟಕಗಳಿವೆ. ಪ್ರತಿಯೊಂದಕ್ಕೂ ಕ್ರಿಯಾಶೀಲವಾದ (ಅಣು ಸರಪಳಿ ಕ್ರಿಯೆ ಶುರುವಾದ) ದಿನ, ಗ್ರಿಡ್‌ಗೆ ಸೇರಿದ ದಿನ, ವಾಣಿಜ್ಯ ಉತ್ಪಾದನೆ ಆರಂಭಿಸಿದ ದಿನ ಇವೆ. ಅವುಗಳ ಜೊತೆ ದುರಸ್ತಿಗೆ ನಿಂತ ದಿನ, ಮತ್ತೆ ಹೊರಟ ದಿನ, ದಾಖಲೆ ಮುರಿದ ದಿನಗಳೂ ಸೇರುತ್ತವೆ. ಇಪ್ಪತ್ತಮೂರು ದಿನಾಂಕ ದಾಟುವುದು ಕಷ್ಟವೇ ಅಲ್ಲ. ಎಂದ ಮೇಲೆ ಎರಡು ಒಂದೇ ದಿನಾಂಕಕ್ಕೆ ಬೀಳದಿದ್ದರೇ ವಿಶೇಷ.

ಶುಕ್ರವಾರದ ಗುಟ್ಟು ಇನ್ನೂ ಸರಳ. ವರ್ಷಕ್ಕೆ ಐವತ್ತೆರಡು ವಾರ ಕಳೆದು ಒಂದು ದಿನ ಉಳಿಯುತ್ತದೆ, ಅಧಿಕ ವರ್ಷದಲ್ಲಿ ಎರಡು. ಆ ಎರಡು ಮೇ ತಿಂಗಳುಗಳ ನಡುವಿನ 22 ವರ್ಷಗಳಲ್ಲಿ ಆರು ಅಧಿಕ ದಿನಗಳು ಬಂದವು. ಒಟ್ಟು 28 ದಿನ, ಅಂದರೆ ಸರಿಯಾಗಿ ನಾಲ್ಕು ವಾರ. ಹಾಗಾಗಿ 1994ರ ಮೇ ತಿಂಗಳ ಕ್ಯಾಲೆಂಡರ್ ಹಾಳೆಯನ್ನು 2016ರಲ್ಲಿ ಗೋಡೆಗೆ ಹಾಕಿದ್ದರೂ ವಾರ ತಪ್ಪುತ್ತಿರಲಿಲ್ಲ. ಪೋಖರಣ್ ಸೇರಿದ್ದು ಹೇಗೆ? ನಾವೇ ಸೇರಿಸಿಕೊಂಡೆವು. ಕೈಗಾದ ಎರಡು ದಿನಾಂಕ ಹೊಂದಿಕೆಯಾದ ಮೇಲೆ ‘ಅಣು’ ಎಂಬ ಬುಟ್ಟಿ ಹಿಡಿದು ಮೇ 13ರ ಸುತ್ತ ಹುಡುಕಿದೆವು, ಸಿಕ್ಕಿತು. ‘ಚುನಾವಣೆ’ ಎಂಬ ಬುಟ್ಟಿ ಹಿಡಿದಿದ್ದರೆ ಇನ್ನೂ ಹೆಚ್ಚು ಸಿಗುತ್ತಿತ್ತು. 2004ರ ಲೋಕಸಭೆಯ ಫಲಿತಾಂಶ ಬಂದದ್ದು ಮೇ 13ಕ್ಕೆ, 2023ರ ನಮ್ಮ ವಿಧಾನಸಭೆಯ ಫಲಿತಾಂಶವೂ ಮೇ 13ಕ್ಕೆ. ಇದರಲ್ಲಂತೂ ಪವಾಡವೇನೂ ಇಲ್ಲ. ವಿಧಾನಸಭೆಯ ಅವಧಿ ಮೇ ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ, ಆದ್ದರಿಂದ 2008ರಲ್ಲಿ ಮೇ 25, 2013ರಲ್ಲಿ ಮೇ 8, 2018ರಲ್ಲಿ ಮೇ 15, 2023ರಲ್ಲಿ ಮೇ 13 ಎಂದು ಎಣಿಕೆಯ ದಿನ ಆ ತಿಂಗಳೊಳಗೇ ಸುತ್ತುತ್ತದೆ.

ಹೀಗೆ ಹುಡುಕಲು ಕುಳಿತರೆ ಜಿಲ್ಲೆಯೊಂದರಲ್ಲೇ ಎಷ್ಟು ಸಿಗಬಹುದು? ಉತ್ತರ ಕನ್ನಡದ 200 ಮುಖ್ಯ ಘಟನೆಗಳ ದಿನಾಂಕ ಬರೆದುಕೊಂಡರೆ 19,900 ಜೋಡಿಗಳಾಗುತ್ತವೆ. ಯಾವ ಗೂಢ ಕಾರಣವೂ ಇಲ್ಲದೆ, ಸುಮ್ಮನೆ ಲಾಟರಿ ಎತ್ತಿದಂತೆ ಬಿದ್ದರೂ ಸುಮಾರು 54 ಜೋಡಿ ಒಂದೇ ದಿನಾಂಕಕ್ಕೆ ಬರಬೇಕು. ಒಂದೆರಡನ್ನು ನೋಡೋಣ. ಕೈಗಾದ ಒಂದನೇ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದ ನವೆಂಬರ್ 16ರಂದು. ಮುಂದೆ ಕಾರವಾರವನ್ನೇ ತವರು ಬಂದರು ಮಾಡಿಕೊಂಡ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ದೂರದ ರಷ್ಯಾದಲ್ಲಿ ನೌಕಾಪಡೆಗೆ ಸೇರಿದ್ದು 2013ರ ನವೆಂಬರ್ 16ರಂದು.

ಇನ್ನೊಂದು ಇದಕ್ಕಿಂತ ಮನಸ್ಸಿಗೆ ಹತ್ತಿರದ್ದು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥ ಟಾಗೋರರು ಇಲ್ಲಿ ಬಂದು ಉಳಿದಿದ್ದರು. ಬೆಳದಿಂಗಳ ರಾತ್ರಿಯಲ್ಲಿ ದೋಣಿಯೇರಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿಬಂದದ್ದನ್ನು ಅವರು ಮುಂದೆ ನೆನೆದು ಬರೆದರು. ಅವರು ತೀರಿಕೊಂಡದ್ದು 1941ರ ಆಗಸ್ಟ್ 7ರಂದು. ಕಾರವಾರ ಮತ್ತು ಸದಾಶಿವಗಡಗಳನ್ನು ಜೋಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆ ಕುಸಿದು, ಮೇಲಿದ್ದ ಲಾರಿ ಚಾಲಕನ ಸಮೇತ ನೀರಿಗೆ ಬಿದ್ದದ್ದು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ. ಚಾಲಕನನ್ನು ಬದುಕಿಸಿ ಮೇಲೆತ್ತಿದರು. ಕವಿಯ ಪುಣ್ಯತಿಥಿಗೆ ಕವಿ ಕಂಡ ನದಿಯ ಸೇತುವೆ ಬಿತ್ತು ಎಂದು ಬರೆಯಲು ಕೈ ಕಡಿಯುತ್ತದೆ. ಆದರೆ ಬಂಗಾಳಿಗಳು ಆ ದಿನವನ್ನು ನೆನೆಯುವುದು ಶ್ರಾವಣ 22 ಎಂದು. ಪಂಚಾಂಗ ಸುಧಾರಣೆ ಮಾಡಿಕೊಂಡಿರುವ ಬಾಂಗ್ಲಾದೇಶದಲ್ಲಿ ಅದು ಪ್ರತಿವರ್ಷ ಆಗಸ್ಟ್ 6ಕ್ಕೆ ಬರುತ್ತದೆ. ಢಾಕಾದಲ್ಲಿ ಕುಳಿತವರಿಗೆ ಈ ಹೊಂದಿಕೆಯೇ ಇಲ್ಲ.

ದಿನಾಂಕದ ಪವಾಡಗಳನ್ನು ನಂಬುವವರು ಯಾವ ಕ್ಯಾಲೆಂಡರಿನ ದಿನಾಂಕ ಎಂದು ಕೇಳುವುದೇ ಇಲ್ಲ. ಕಾರವಾರದ ಮಟ್ಟಿಗೆ ಈ ಪ್ರಶ್ನೆಗೆ ನಾಲ್ಕು ಶತಮಾನಗಳ ಹಿನ್ನೆಲೆ ಇದೆ. ಪೋರ್ಚುಗಲ್ 1582ರಲ್ಲೇ ಪೋಪ್ ಗ್ರೆಗರಿಯ ಹೊಸ ಕ್ಯಾಲೆಂಡರಿಗೆ ಬದಲಾಯಿತು. ಆ ವರ್ಷ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15. (ಆವಿಲಾದ ಸಂತ ತೆರೇಸಾ ಸ್ಪೇನಿನಲ್ಲಿ ತೀರಿಕೊಂಡದ್ದು ಸರಿಯಾಗಿ ಆ ರಾತ್ರಿಯೇ. ನಾಲ್ಕು ಮತ್ತು ಹದಿನೈದರ ನಡುವೆ ಸಾಯುವ ಯೋಗ ಎಲ್ಲರಿಗೂ ಬರುವುದಿಲ್ಲ.) ಇಂಗ್ಲಿಷರು ಮಾತ್ರ 1752ರ ತನಕ ಹಳೆಯ ಜೂಲಿಯನ್ ಲೆಕ್ಕವನ್ನೇ ಹಿಡಿದು ಕುಳಿತರು. ಅವರ ವ್ಯಾಪಾರದ ಕೋಠಿ ಕಾರವಾರದಲ್ಲಿ 1638ರಲ್ಲಿ ಆರಂಭವಾಯಿತು. ಕಣ್ಣಳತೆಯ ದೂರದ ಅಂಜುದೀವ್ ದ್ವೀಪ ಪೋರ್ಚುಗೀಸರದು. ಎಂದರೆ ಹದಿನೇಳನೇ ಶತಮಾನದ ಒಂದೇ ಬೆಳಗ್ಗೆ, ಒಂದೇ ಸಮುದ್ರದ ಎದುರು, ಇಂಗ್ಲಿಷ್ ಗುಮಾಸ್ತ ಬರೆಯುವ ತಾರೀಖಿಗೂ ಪೋರ್ಚುಗೀಸ್ ಅಧಿಕಾರಿ ಬರೆಯುವ ತಾರೀಖಿಗೂ ಹತ್ತು ದಿನದ ಅಂತರ. ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದುದೂ ಮಾರ್ಚ್ 25ಕ್ಕೆ. ಶಿವಾಜಿ ಕಾರವಾರದ ಬಳಿ ಬೀಡುಬಿಟ್ಟು ಕೋಠಿಯವರಿಂದಲೂ ಕಪ್ಪ ವಸೂಲು ಮಾಡಿದ ಆ ಫೆಬ್ರವರಿ ನಮಗೆ 1665, ಹಣ ಕೊಟ್ಟವರ ಲೆಕ್ಕದಲ್ಲಿ ಇನ್ನೂ 1664.

ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಒಂದೇ ದಿನ, 1616ರ ಏಪ್ರಿಲ್ 23ರಂದು ಸತ್ತರು ಎಂಬ ಪ್ರಸಿದ್ಧ ಕಥೆ ಮುರಿದು ಬೀಳುವುದೂ ಇಲ್ಲಿಯೇ. ಇಂಗ್ಲೆಂಡಿನ ಏಪ್ರಿಲ್ 23 ಸ್ಪೇನಿನಲ್ಲಿ ಮೇ 3. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಮಣದ ದಿನ. ಆದರೆ ಆ ದಿನ 1863ರ ಜನವರಿ 12. ನಾವು ಈಗ ಎಳ್ಳು ಬೆಲ್ಲ ಹಂಚುವುದು 14 ಅಥವಾ 15ಕ್ಕೆ. ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನದಂತೆ ಸಂಕ್ರಮಣ ಮುಂದಕ್ಕೆ ಜಾರುತ್ತದೆ. ಹೀಗಾಗಿ ಹಬ್ಬ ಮತ್ತು ಹುಟ್ಟುಹಬ್ಬ ಈಗ ಬೇರೆಬೇರೆ.

ಇನ್ನು ಕೆಲವು ಹೊಂದಿಕೆಗಳನ್ನು ಮನುಷ್ಯರೇ ಮಾಡಿದ್ದು. ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನು ಮುರಿದದ್ದು 1930ರ ಏಪ್ರಿಲ್ 13ರಂದು. ಅದು ಜಲಿಯನ್‌ವಾಲಾ ಬಾಗ್‌ನ ದಿನ. ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದ ಏಪ್ರಿಲ್ 6ರಿಂದ 13ರ ತನಕ ಕಾಂಗ್ರೆಸ್ಸಿಗೆ ರಾಷ್ಟ್ರೀಯ ಸಪ್ತಾಹ. 1919ರ ಹರತಾಳ ಮತ್ತು ಹತ್ಯಾಕಾಂಡದ ನೆನಪಿಗೆ ಆ ವಾರವನ್ನು ಮೀಸಲಿಟ್ಟಿದ್ದರು. ಕೊಂಕಣ ರೈಲು 1998ರ ಜನವರಿ 26ರಂದು ಉದ್ದಕ್ಕೂ ಓಡಿದ್ದು, ಉತ್ತರ ಕನ್ನಡ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ನವೆಂಬರ್ 1ರಂದೇ 1973ರಲ್ಲಿ ರಾಜ್ಯ ಕರ್ನಾಟಕ ಎಂಬ ಹೆಸರು ಪಡೆದದ್ದು, ಇವೆಲ್ಲ ಕ್ಯಾಲೆಂಡರ್ ನೋಡಿ ಇಟ್ಟ ಮುಹೂರ್ತಗಳು. ಇವುಗಳಲ್ಲಿ ಅಚ್ಚರಿಪಡಲು ಏನೂ ಇಲ್ಲ.

ತಪ್ಪಿಹೋದ ಹೊಂದಿಕೆಗಳನ್ನಂತೂ ಯಾರೂ ಎಣಿಸುವುದಿಲ್ಲ. ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಆರಂಭಿಸಿದ್ದು 1983ರ ಸೆಪ್ಟೆಂಬರ್ 8ರಂದು. ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳಿಗಾಗಿ ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪಿನಲ್ಲಿ ದೇಶ ಅರಣ್ಯ ಹುತಾತ್ಮರ ದಿನ ಆಚರಿಸುವುದು ಸೆಪ್ಟೆಂಬರ್ 11ಕ್ಕೆ. ಮೂರು ದಿನ ತಡವಾಗಿದ್ದರೆ ಈ ಜೋಡಿಯೂ ಎಲ್ಲ ಮೊಬೈಲುಗಳಲ್ಲಿ ಓಡಾಡುತ್ತಿತ್ತು.

ಶುದ್ಧ ಆಕಸ್ಮಿಕ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮೆಕ್ಸಿಕೊ ಸಾಕ್ಷಿ. ಅಲ್ಲಿ 1985ರ ಸೆಪ್ಟೆಂಬರ್ 19ರಂದು ಭಾರಿ ಭೂಕಂಪವಾಯಿತು. ಅದರ ನೆನಪಿಗೆ ಅದೇ ದಿನ ದೇಶಾದ್ಯಂತ ಅಣಕು ಕವಾಯತು ನಡೆಸುವುದು ರೂಢಿಯಾಯಿತು. 2017ರ ಸೆಪ್ಟೆಂಬರ್ 19ರಂದು ಕವಾಯತು ಮುಗಿದು ಸುಮಾರು ಎರಡು ಗಂಟೆಯಲ್ಲಿ ನಿಜವಾದ ಭೂಕಂಪ ಬಂತು. 2022ರ ಸೆಪ್ಟೆಂಬರ್ 19ರಂದು ಮತ್ತೆ ಬಂತು, ಈ ಸಲ ಕವಾಯತಾಗಿ ಒಂದು ಗಂಟೆಯೂ ಕಳೆದಿರಲಿಲ್ಲ. ಭೂಮಿಯ ಫಲಕಗಳಿಗೆ ತಿಂಗಳು, ತಾರೀಖು ಗೊತ್ತಿಲ್ಲ. ಭೂಕಂಪಕ್ಕೆ ಸೆಪ್ಟೆಂಬರ್ ಎಂಬ ಋತುವಿಲ್ಲ. ಮೆಕ್ಸಿಕೊದವರು ಆ ತಾರೀಖಿಗೆ ಹೆದರಿದರೆ ಅದು ಅರ್ಥವಾಗುವ ಹೆದರಿಕೆ, ಅಷ್ಟೇ.

ಆದರೆ ಇದೇ ಮಾತನ್ನು ನಮ್ಮ ಘಟ್ಟಕ್ಕೆ ಹೇಳಲಾಗದು.

2024ರ ಜುಲೈ 16ರ ಮಂಗಳವಾರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಂತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣಿನೊಡನೆ ಗಂಗಾವಳಿ ನದಿಗೆ ಹೋದವು. ಆಚೆ ದಡದ ಉಳುವರೆಯ ಮೇಲೆ ನದಿಯ ನೀರೇ ಎದ್ದು ಅಪ್ಪಳಿಸಿತು. ಕೇರಳದ ಲಾರಿಯೊಂದು ನದಿಯ ತಳದಲ್ಲಿ ಪತ್ತೆಯಾದದ್ದು ಸೆಪ್ಟೆಂಬರ್ 25ಕ್ಕೆ. ಜುಲೈ 16ರ ಪಟ್ಟಿ ದೊಡ್ಡದು: 1945ರಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ, 1969ರಲ್ಲಿ ಚಂದ್ರನತ್ತ ಅಪೋಲೊ 11ರ ಉಡಾವಣೆ, 1994ರಲ್ಲಿ ಶೂಮೇಕರ್ ಲೆವಿ ಧೂಮಕೇತುವಿನ ಚೂರುಗಳು ಗುರುಗ್ರಹಕ್ಕೆ ಬಡಿಯಲಾರಂಭಿಸಿದ್ದು, 2004ರಲ್ಲಿ ಕುಂಭಕೋಣದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತದ್ದು. ಓದಿದರೆ ಜುಲೈ 16 ಶಾಪಗ್ರಸ್ತ ದಿನದಂತೆ ಕಾಣುತ್ತದೆ. ಶಿರೂರಿನ ಗುಡ್ಡಕ್ಕೂ ಅಪೋಲೊಗೂ ಸಂಬಂಧವಿಲ್ಲ. ಸಂಬಂಧ ಹುಡುಕಬೇಕಾದ್ದು ಬೇರೊಂದು ಪಟ್ಟಿಯಲ್ಲಿ.

ಪುಣೆ ಜಿಲ್ಲೆಯ ಮಾಳಿಣ್ ಗ್ರಾಮ ಮಣ್ಣಿನಡಿ ಹೋದದ್ದು 2014ರ ಜುಲೈ 30ರಂದು. ವಯನಾಡಿನ ದುರಂತ 2024ರ ಜುಲೈ 30ರಂದು, ಅದೇ ತಾರೀಖು, ಸರಿಯಾಗಿ ಹತ್ತು ವರ್ಷದ ಮೇಲೆ. ತಾರೀಖು ತಾಳೆಯಾದದ್ದು ಆಕಸ್ಮಿಕ. ಎರಡೂ ಆ ವಾರಗಳಲ್ಲೇ ಆದದ್ದು ಆಕಸ್ಮಿಕವಲ್ಲ. ಮಹಾಡದ ತಳಿಯೆ 2021ರ ಜುಲೈ 22. ನಮ್ಮದೇ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಜಾರಿಹೋದದ್ದೂ ಅದೇ ಜುಲೈನ ಅದೇ ಮಳೆಯಲ್ಲಿ. ರಾಯಗಡದ ಇರ್ಶಾಳವಾಡಿ 2023ರ ಜುಲೈ 19, ಕೇರಳದ ಪೆಟ್ಟಿಮುಡಿ 2020ರ ಆಗಸ್ಟ್ 6, ಪುತ್ತುಮಲ 2019ರ ಆಗಸ್ಟ್ 8. ಸಹ್ಯಾದ್ರಿಯ ಉದ್ದಕ್ಕೂ, ಬೇರೆಬೇರೆ ವರ್ಷಗಳಲ್ಲಿ, ಎಲ್ಲವೂ ಮೂರು ವಾರಗಳ ಚೂರೇ ಚೂರು ಆಚೀಚೆ. ಜೂನ್ ಮಳೆ ಮಣ್ಣನ್ನು ತೋಯಿಸಿ ಇಟ್ಟಿರುತ್ತದೆ, ಒಳಗಿನ ನೀರಿನ ಒತ್ತಡ ಏರಿರುತ್ತದೆ, ಅದರ ಮೇಲೆ ಒಂದೆರಡು ದಿನ ಬಿಡದೆ ಸುರಿದರೆ ಇಳಿಜಾರಿಗೆ ತಡೆಯುವ ಬಲ ಉಳಿಯುವುದಿಲ್ಲ. ರಸ್ತೆಗೋ ಮನೆಗೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದರೆ ಕೇಳುವುದೇ ಬೇಡ.

ಇಂಥ ಹೊಂದಿಕೆಯನ್ನು ಹಿಡಿಯಲು 365 ದಿನಗಳ ಬಲೆ ತೀರಾ ಸಣ್ಣ ಕಣ್ಣಿನದು. ಶಿರಸಿ, ಸಿದ್ದಾಪುರದ ಯಾವುದೇ ಅಡಿಕೆ ಬೆಳೆಗಾರರ ಮನೆಯ ಜಗಲಿಯಲ್ಲಿ ತೂಗುವ ಕ್ಯಾಲೆಂಡರ್ ನೋಡಿ. ದೊಡ್ಡ ಅಂಕಿಯ ಸುತ್ತ ಸಣ್ಣಕ್ಷರದಲ್ಲಿ ತಿಥಿ, ನಕ್ಷತ್ರ, ರಾಹುಕಾಲ. ಮಳೆಗಾಲದ ಹಾಳೆಗಳಲ್ಲಿ ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಒಂದು ಚೌಕದಲ್ಲಿ ‘ಪುನರ್ವಸು ಮಳೆ ಆರಂಭ’, ‘ಪುಷ್ಯ ಮಳೆ ಆರಂಭ’ ಎಂಬ ಸಾಲು. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯುವ ಮಾತು ಬಂದರೆ ಜನ ಜುಲೈ 20 ಎನ್ನುವುದಕ್ಕಿಂತ ಪುಷ್ಯ ಹುಟ್ಟುವುದರೊಳಗೆ ಎನ್ನುವುದೇ ಹೆಚ್ಚು. ಸೂರ್ಯನ ದಾರಿಯ 27 ಪಾಲುಗಳು ಇವು, ಋತುವಿಗೆ ಕಟ್ಟಿದ ಲೆಕ್ಕ. ಈ ಚೌಕಟ್ಟಿನಲ್ಲಿ ಇಟ್ಟರೆ ಶಿರೂರು ಪುನರ್ವಸುವಿನ ಕೊನೆಗೆ ಬೀಳುತ್ತದೆ. ಮಾಳಿಣ್, ವಯನಾಡು, ತಳಿಯೆ, ಕಳಚೆ ಎಲ್ಲ ಪುಷ್ಯಕ್ಕೆ, ಪೆಟ್ಟಿಮುಡಿ ಮತ್ತು ಪುತ್ತುಮಲ ಆಶ್ಲೇಷಕ್ಕೆ. ಬರೀ 27 ಪಾಲುಗಳಾದ್ದರಿಂದ ಏಳು ಘಟನೆಗಳಿದ್ದರೆ ಸಾಕು, ಸುಮ್ಮನೆ ಬಿದ್ದರೂ ಎರಡು ಒಂದೇ ಪಾಲಿಗೆ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಆದರೆ ಒಟ್ಟೊಟ್ಟಿಗಿರುವ ಮೂರು ಪಾಲುಗಳಲ್ಲೇ ಎಲ್ಲವೂ ಬಂದು ಕೂರುವುದನ್ನು ಆಕಸ್ಮಿಕ ಎಂದು ತಳ್ಳಲಾಗದು. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದ 2009ರ ಅಕ್ಟೋಬರ್ 2 ಮಾತ್ರ ಈ ಗುಂಪಿನಿಂದ ಹೊರಗೆ, ಹಸ್ತ ಮಳೆಯಲ್ಲಿ. ಆ ವಾರ ಉತ್ತರ ಕರ್ನಾಟಕವೇ ಪ್ರವಾಹದಲ್ಲಿ ಮುಳುಗಿತ್ತು. ಗಾಂಧಿ ಜಯಂತಿ ಎಂಬುದು ನೆನಪಿಟ್ಟುಕೊಳ್ಳಲು ಸುಲಭ, ಕಾರಣ ತಿಳಿಯಲು ಹಸ್ತ ಮಳೆಯೇ ಬೇಕು.

ತಿಥಿಗೆ ಕಟ್ಟಿದ ಅಪಾಯವೂ ಒಂದಿದೆ. ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ನಡೆಯುವುದು ಪುಷ್ಯ ಮಾಸದ ಹುಣ್ಣಿಮೆಗೆ. (ಇದು ಚಾಂದ್ರಮಾನದ ಪುಷ್ಯ, ಜುಲೈನ ಪುಷ್ಯ ಮಳೆಯಲ್ಲ.) 2019ರಲ್ಲಿ ಆ ಹುಣ್ಣಿಮೆ ಜನವರಿ 21ಕ್ಕೆ ಬಂತು, ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದೇ ದಿನ ಬೆಳಗ್ಗೆ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾಗಿದ್ದರು, ಜಗತ್ತಿನ ಇನ್ನೊಂದು ಮಗ್ಗುಲಲ್ಲಿ ಪೂರ್ಣ ಚಂದ್ರಗ್ರಹಣವೂ ಆಗಿತ್ತು. ನಮಗದು ಹಗಲು, ಕಾಣಲಿಲ್ಲ. ಮೂರನ್ನೂ ಹೊಸೆದು ಗ್ರಹಗತಿಯ ಕಥೆ ಕಟ್ಟಬಹುದು. ಹುಣ್ಣಿಮೆಯಿಲ್ಲದೆ ಚಂದ್ರಗ್ರಹಣವಿಲ್ಲ, ಹುಣ್ಣಿಮೆಯಿಲ್ಲದೆ ಆ ಜಾತ್ರೆಯೂ ಇಲ್ಲ. ಹಾಗಾಗಿ ಅವೆರಡರ ನಂಟು ಇಷ್ಟಕ್ಕೇ ಮುಗಿಯುತ್ತದೆ. ಸ್ವಾಮೀಜಿಯವರ ಅಗಲಿಕೆಗೂ ದೋಣಿಗೂ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಒಂದೇ ತಾರೀಖು ಎನ್ನುವುದಕ್ಕಿಂತ ಒಂದೇ ದಿನ ಎನ್ನುವುದಕ್ಕೆ ಪರಿಣಾಮ ಹೆಚ್ಚು. ನಾಡಿನ ಕಣ್ಣೆಲ್ಲ ತುಮಕೂರಿನ ಮೇಲಿದ್ದಾಗ ಕಾರವಾರದ ದೋಣಿಯ ಸುದ್ದಿಗೆ ಸಿಕ್ಕ ಜಾಗ ಚಿಕ್ಕದು. ಕರಾವಳಿಯ ಹೊರಗೆ ಈ ದುರಂತವನ್ನು ನೆನಪಿಟ್ಟವರು ಇಂದಿಗೂ ಕಡಿಮೆ ಎಂದೇ ನನ್ನ ಅನಿಸಿಕೆ.

ಜನವರಿ 21 ಅಪಾಯದ ದಿನವೇ? ಆ ಹುಣ್ಣಿಮೆ 2020ರಲ್ಲಿ ಜನವರಿ 10ಕ್ಕೆ ಬಂತು, 2021ರಲ್ಲಿ 28ಕ್ಕೆ, 2024ರಲ್ಲಿ 25ಕ್ಕೆ, 2025ರಲ್ಲಿ 13ಕ್ಕೆ, 2026ರಲ್ಲಿ 3ಕ್ಕೆ. ತಿಥಿ ಮತ್ತು ತಾರೀಖು ಮತ್ತೆ ಜೊತೆಯಾಗಲು ಸುಮಾರು 19 ವರ್ಷ ಬೇಕು, ಅಂದರೆ 2038. ಜನರ ಗುಂಪು ದೋಣಿ ಹತ್ತುವುದು ಜಾತ್ರೆಯ ದಿನ, ಅದು ಯಾವ ತಾರೀಖಿಗೆ ಬಂದರೂ. ಎಷ್ಟು ಜನ ಹತ್ತಬಹುದು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇದೆಯೇ, ಅಲೆ ಹೇಗಿದೆ ಎಂದು ನೋಡಬೇಕಾದವರು ಪಂಚಾಂಗ ನೋಡಿಯೇ ತಮ್ಮ ಕರ್ತವ್ಯದ ಪಟ್ಟಿ ಹಾಕಿಕೊಳ್ಳಬೇಕು. ಶಿರೂರಿನಲ್ಲೂ ಹಾಗೆಯೇ. ಜುಲೈ 16ಕ್ಕೆ ಮೇಣದಬತ್ತಿ ಹಚ್ಚುವುದು ಸತ್ತವರ ಮನೆಯವರಿಗೆ ಬೇಕಾದ ಸಮಾಧಾನ, ಅದನ್ನು ಯಾರೂ ಬೇಡ ಎನ್ನಲಾರರು. ಹೆದ್ದಾರಿಗಾಗಿ ಕಡಿದ ಗುಡ್ಡಗಳ ಚರಂಡಿ, ಬಿರುಕು, ತಡೆಗೋಡೆಗಳ ತಪಾಸಣೆ ಮಾತ್ರ ಪುನರ್ವಸು ಹುಟ್ಟುವ ಮೊದಲೇ, ಸಾಧ್ಯವಾದರೆ ಮೇ ತಿಂಗಳಲ್ಲೇ, ಮುಗಿದಿರಬೇಕು. ಪುಷ್ಯ, ಆಶ್ಲೇಷ ಕಳೆಯುವ ತನಕ ದಿನದಿನದ ಮಳೆಯ ಅಳತೆ ಆ ರಸ್ತೆಯ ಉಸ್ತುವಾರಿ ಹೊತ್ತವರ ಕೈಯಲ್ಲಿರಬೇಕು.